ಅಪ್‌ಡೇಟ್ ಅರ್ಧಕ್ಕೆ ನಿಂತು ರಾಸ್ಪ್‌ಬೆರಿ ಪೈ 4 ಏಳ್ತಿಲ್ವಾ? ಬೋರ್ಡ್ ಹೋಯ್ತು ಅನ್ನೋ ಮುಂಚೆ ಇಷ್ಟು ಮಾಡಿ ನೋಡಿ

ಹೋದ ಮಾರ್ಚಲ್ಲಿ ಮೂಡಿಗೆರೆ ಹತ್ರ ನಮ್ಮ ದೊಡ್ಡಪ್ಪನ ತೋಟದಲ್ಲಿ ಆಗಿದ್ದು ಇದು. ಕೆರೆ ಪಕ್ಕದ ಪಂಪ್‌ಹೌಸಲ್ಲಿ ಒಂದು ಪೈ 4, ಅಂದ್ರೆ ಅಂಗೈ ಅಗಲದ ಪುಟ್ಟ ಕಂಪ್ಯೂಟರ್ ಬೋರ್ಡ್, ಇಟ್ಟಿದೀವಿ, ಮಳೆ ಎಷ್ಟು ಬಂತು, ಕೆರೆ ನೀರು ಎಷ್ಟಿದೆ, ತ್ರೀ ಫೇಸ್ ಯಾವಾಗ ಬಂತು ಯಾವಾಗ ಹೋಯ್ತು ಎಲ್ಲ ಬರ್ಕೊಳತ್ತೆ, ಫೇಸ್ ಬಂದ ತಕ್ಷಣ ದೊಡ್ಡಪ್ಪಂಗೂ ತೋಟದ ಕೆಲಸ ನೋಡ್ಕೊಳೋ ರೈಟ್ರಿಗೂ ಫೋನಿಗೆ ಮೆಸೇಜ್ ಹಾಕತ್ತೆ. ಕಾಫಿ ತೋಟದವ್ರಿಗೆ ಹೇಳೋದೇ ಬೇಡ, ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕಿನೇ ಹೂ ಬರಿಸ್ಬೇಕು, ಆ ನಾಲ್ಕು ದಿನ ರಾತ್ರಿ 11ಕ್ಕೆ ಫೇಸ್ ಬಂದ್ರೂ ಎದ್ದು ಮೋಟ್ರು ಹಾಕ್ಬೇಕು. ಅಂಥ ಟೈಮಲ್ಲಿ ನಾನು ಚಿಕ್ಕಮಗಳೂರಿನ ಮನೇಲಿ ಕೂತು ಅಲ್ಲಿಂದ್ಲೇ ಪೂರ್ತಿ ಅಪ್‌ಡೇಟ್ ಕೊಟ್ಟು ರೀಬೂಟ್ ಮಾಡ್ದೆ, ಅದೇ ಹೊತ್ತಿಗೆ ಆ ಕಡೆ ಗಾಳಿಗೆ ಕರೆಂಟ್ ಹೋಯ್ತು. ಆಮೇಲೆ ಅದರ ಸುದ್ದಿನೇ ಇಲ್ಲ.

ಬೆಳಿಗ್ಗೆ ರೈಟ್ರು ಫೋನ್ ಮಾಡಿ "ಸಾರ್, ಕರೆಂಟ್ ಬಂದಿದೆ, ಕೆಂಪು ಲೈಟ್ ಉರೀತಾ ಇದೆ, ಹಸಿರು ಮಾತ್ರ ಒಂದ್ಸಲನೂ ಮಿಣುಕ್ಲಿಲ್ಲ" ಅಂದ್ರು. ಬೋರ್ಡ್ ತರಿಸ್ಕೊಂಡು ಪೇಟೆಯ ಒಂದು ಅಂಗಡೀಲಿ ತೋರ್ಸಿದ್ರೆ ಎರಡು ನಿಮಿಷಕ್ಕೆ "ಫರ್ಮ್‌ವೇರ್ ಹೋಗಿದೆ, ಬೋರ್ಡೇ ಬದಲಾಯಿಸಿ" ಅಂತ ವಾಪಸ್ ಕೊಟ್ರು. ಸಂಜೆ ಹೊತ್ತಿಗೆ ಅದೇ ಬೋರ್ಡ್ ಎದ್ದು ಕೂತಿತ್ತು. ಹೊಸದಕ್ಕೆ ಸಾವಿರಾರು ರೂಪಾಯಿ ಹಾಕಿಬಿಡ್ತಿದ್ವಲ್ಲ ಅಂತ ನಂಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ, ಅದಕ್ಕೇ ಇಷ್ಟು ವಿವರವಾಗಿ ಬರೀತಿರೋದು.

ಮೊದಲು ಒಂದು ವಿಷಯ ತಲೇಲಿ ಕೂತ್ಕೊಳ್ಳಲಿ. ಪೈ 3, ಪೈ ಝೀರೋ ಥರದ ಹಳೇ ಬೋರ್ಡುಗಳಲ್ಲಿ ಬೂಟ್ ಆಗೋಕೆ ಬೇಕಾದ ಫರ್ಮ್‌ವೇರ್, ಅಂದ್ರೆ ಬೋರ್ಡನ್ನ ಎಬ್ಬಿಸೋ ಮೂಲ ಸಾಫ್ಟ್‌ವೇರ್, ಎಲ್ಲ ಎಸ್‌ಡಿ ಕಾರ್ಡಲ್ಲೇ ಇರತ್ತೆ, ಬೋರ್ಡ್ ಮೇಲೆ ಅಳಿಸಿ ಹೋಗೋ ಅಂಥದ್ದು ಏನೂ ಇಲ್ಲ, ಕಾರ್ಡ್ ಸರಿ ಮಾಡಿದ್ರೆ ಬೋರ್ಡ್ ಸರಿ. 2019ರಲ್ಲಿ ಬಂದ ಪೈ 4ರಲ್ಲಿ ಹಾಗಲ್ಲ, ಬೋರ್ಡ್ ಮೇಲೆ 512 ಕೆಬಿಯ ಒಂದು ಪುಟ್ಟ ಈಪ್ರಾಮ್ ಚಿಪ್ (ಅಳಿಸಿ ಮತ್ತೆ ಬರೆಯೋಕಾಗೋ ಮೆಮೊರಿ) ಇದೆ, ಓಎಸ್ಸನ್ನ ಎಬ್ಬಿಸೋ ಬೂಟ್‌ಲೋಡರ್ ಅನ್ನೋ ಪ್ರೋಗ್ರಾಂ ಅದರೊಳಗೆ ಕೂತಿರತ್ತೆ. ಅಪ್‌ಡೇಟ್ ಕೆಡೋದು ಅಂದ್ರೆ ಆ ಚಿಪ್ಪಿಗೆ ಬರೀತಾ ಇರೋವಾಗ ಕರೆಂಟ್ ಹೋಗೋದು. ಆದ್ರೆ ಅದಕ್ಕೂ ಮೊದಲು ಓಡೋ ಇನ್ನೊಂದು ಪ್ರೋಗ್ರಾಂ ಇದೆ, ಅದು ಪ್ರಾಸೆಸರ್ ಒಳಗಿನ ಬೂಟ್ ರಾಮ್ (ROM, ಓದೋಕೆ ಮಾತ್ರ ಆಗೋ ಮೆಮೊರಿ, RAM ಅಲ್ಲ), ಫ್ಯಾಕ್ಟರೀಲೇ ಕೆತ್ತಿಟ್ಟಿದ್ದು, ಅದನ್ನ ನಾವೂ ಅಳಿಸೋಕೆ ಆಗಲ್ಲ, ಕರೆಂಟ್ ಹೋದ್ರೂ ಅಳಿಯಲ್ಲ. ಪವರ್ ಬಂದ ತಕ್ಷಣ ಆ ರಾಮ್ ಈಪ್ರಾಮ್ ಕಡೆ ತಿರುಗೋಕೆ ಮುಂಚೆ ಎಸ್‌ಡಿ ಕಾರ್ಡಲ್ಲಿ 'ರಿಕವರಿ.ಬಿನ್' ಅನ್ನೋ ಫೈಲ್ ಇದೆಯಾ ಅಂತ ನೋಡತ್ತೆ. ಇದ್ರೆ ಅದನ್ನೇ ಓಡಿಸತ್ತೆ, ಅದು ಈಪ್ರಾಮ್‌ನ ಹೊಸದಾಗಿ ಬರೆಯತ್ತೆ. ಅಂದ್ರೆ ಈಪ್ರಾಮ್ ಪೂರ್ತಿ ಖಾಲಿಯಾಗಿದ್ರೂ ಬೋರ್ಡ್ ಸತ್ತಿಲ್ಲ.

ಇನ್ನೊಂದು, ತುಂಬ ಜನಕ್ಕೆ ಗೊತ್ತಿಲ್ದೇ ಇರೋದು: ಅಪ್‌ಡೇಟ್ ಕಮಾಂಡ್ ಓಡೋವಾಗ ಈಪ್ರಾಮಿಗೆ ಸಾಮಾನ್ಯವಾಗಿ ಏನೂ ಬರೆಯಲ್ಲ. ಬೇಕಾದ ಫೈಲುಗಳನ್ನ ಕಾರ್ಡಿನ ಬೂಟ್ ಪಾರ್ಟಿಷನ್ನಲ್ಲಿ (ಬೂಟ್ ಫೈಲುಗಳಿಗೇ ಅಂತ ಇರೋ ಭಾಗ) ಇಟ್ಟು ಸುಮ್ನಾಗತ್ತೆ, ನಿಜವಾಗಿ ಬರೆಯೋದು ಅದರ ಮುಂದಿನ ರೀಬೂಟಲ್ಲಿ. ಅದಕ್ಕೇ ಅಪ್‌ಡೇಟ್ ಎಲ್ಲ ಮುಗೀತಲ್ಲ ಅಂತ ನಿರಾಳವಾಗಿ ರೀಬೂಟ್ ಕೊಡ್ತೀವಲ್ಲ, ಆ ಕೆಲವು ಸೆಕೆಂಡೇ ಅಪಾಯದ್ದು. ನಂದು ಸರಿಯಾಗಿ ಅಲ್ಲೇ ಸಿಕ್ಕಾಕ್ಕೊಂಡಿದ್ದು.

ಈಗ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ಪವರ್ ನೋಡಿ, ಫರ್ಮ್‌ವೇರ್ ಬಗ್ಗೆ ಯೋಚನೆ ಮಾಡೋದು ಆಮೇಲೆ. ಪೈ 4ಕ್ಕೆ 5.1 ವೋಲ್ಟ್ 3 ಆಂಪ್ ಅಡಾಪ್ಟರ್ ಬೇಕು. ಮನೇಲಿ ಬಿದ್ದಿರೋ ಫೋನ್ ಚಾರ್ಜರು, ಅದಕ್ಕೊಂದು ಎರಡು ಮೀಟರ್ ತೆಳ್ಳಗಿನ ಕೇಬಲ್ಲು ಹಾಕಿ "ಏಳ್ತಿಲ್ಲ" ಅಂದ್ರೆ ಅದು ಬೋರ್ಡಿನ ತಪ್ಪಲ್ಲ. ಕೆಂಪು ಲೈಟನ್ನ ಒಂದು ನಿಮಿಷ ಕಣ್ಣಿಟ್ಟು ನೋಡಿ, ವೋಲ್ಟೇಜು 4.63ಕ್ಕಿಂತ ಕೆಳಗೆ ಇಳಿದಾಗ ಪೈ 4ರಲ್ಲಿ ಆ ಕೆಂಪು ಲೈಟ್ ಆರತ್ತೆ, ಸರಿಯಾದ್ರೆ ಮತ್ತೆ ಹತ್ತತ್ತೆ. ಮಲ್ಟಿಮೀಟರ್ ಇದ್ರೆ 40 ಪಿನ್ನಿನ ಸಾಲಲ್ಲಿ 2ನೇ ಪಿನ್ನಿಗೆ ಕೆಂಪು ತಂತಿ, 6ನೇ ಪಿನ್ನಿಗೆ ಕಪ್ಪು ತಂತಿ ಹಿಡೀರಿ, 5 ವೋಲ್ಟ್ ಆಸುಪಾಸು ತೋರಿಸ್ಬೇಕು. ಆಮೇಲೆ ಕೆಂಪು ತಂತಿನ 1ನೇ ಪಿನ್ನಿಗೆ ಹಿಡಿದ್ರೆ 3.3 ವೋಲ್ಟ್ ಬರ್ಬೇಕು. 5 ಬಂದು 3.3 ಬರ್ದೇ ಇದ್ರೆ ಬೋರ್ಡ್ ಮೇಲಿನ ಪವರ್ ಚಿಪ್ಪೇ ಹೋಗಿರೋ ಸಾಧ್ಯತೆ ಜಾಸ್ತಿ, ಅಲ್ಲಿಗೆ ಈ ಬರಹದಿಂದ ಉಪಯೋಗ ಇಲ್ಲ. ಮಲೆನಾಡಲ್ಲಿ ಏಪ್ರಿಲ್ ಮೇ ಗುಡುಗು ಸಿಡಿಲಿಗೆ ಸತ್ತ ಬೋರ್ಡುಗಳು ಹೆಚ್ಚಾಗಿ ಈ ಜಾತಿವು. ಪಿನ್ನಿನಿಂದ ಪಿನ್ನಿಗೆ ಮೀಟರ್ ಮೊನೆ ಜಾರದ ಹಾಗೆ ನೋಡ್ಕೊಳ್ಳಿ, 5 ವೋಲ್ಟ್ ಪಿನ್ನಿಗೂ 3.3ರ ಪಿನ್ನಿಗೂ ಒಟ್ಟಿಗೆ ತಾಗಿದ್ರೆ ಚೆನ್ನಾಗಿರೋ ಬೋರ್ಡೂ ಹೋಗತ್ತೆ.

ಪವರ್ ಸರಿ ಇದೆ ಅಂದ್ಮೇಲೆ ಬೋರ್ಡಿಗೆ ಅಂಟ್ಕೊಂಡಿರೋದನ್ನೆಲ್ಲ ಬಿಚ್ಚಿ, ಯುಎಸ್‌ಬಿ ಡಾಂಗಲ್, ಹಾರ್ಡ್‌ಡಿಸ್ಕ್, ಲ್ಯಾನ್ ವಯರ್, ಸೆನ್ಸರ್ ವಯರ್, ಎಲ್ಲ. ಎಸ್‌ಡಿ ಕಾರ್ಡೂ ತೆಗೀರಿ. ಬರೀ ಅಡಾಪ್ಟರ್ ಮತ್ತೆ ಟಿವಿ ಅಥವಾ ಮಾನಿಟರ್ ಮಾತ್ರ. ಎಚ್‌ಡಿಎಂಐ ಕೇಬಲ್ಲನ್ನ ಪವರ್ ಸಾಕೆಟ್ ಪಕ್ಕದಲ್ಲೇ ಇರೋ ಪೋರ್ಟಿಗೆ ಹಾಕಿ. ಈಗ ಸ್ವಿಚ್ ಹಾಕಿ ಹಸಿರು ಲೈಟ್ ನೋಡಿ.

ಕಾರ್ಡ್ ಇಲ್ದೇನೂ ಹಸಿರು ಲೈಟ್ ನಾಲ್ಕು ನಾಲ್ಕು ಸಲ ಮಿಣುಕ್ತಾ ಇದ್ರೆ, ಅಥವಾ ಟಿವೀಲಿ ಬೋರ್ಡಿನ ನಂಬರು, ಬೂಟ್‌ಲೋಡರ್ ತಾರೀಕು ಎಲ್ಲ ಬರ್ಕೊಂಡಿರೋ ಒಂದು ಪರದೆ ಬಂದ್ರೆ, ನಿಮ್ಮ ಈಪ್ರಾಮ್ ಚೆನ್ನಾಗೇ ಇದೆ, ಬೂಟ್ ಮಾಡೋಕೆ ಫೈಲ್ ಸಿಗ್ತಿಲ್ಲ ಅಂತ ಅದೇ ಬಾಯಿಬಿಟ್ಟು ಹೇಳ್ತಾ ಇದೆ. ದೋಷ ಕಾರ್ಡಲ್ಲಿದೆ. ಹಸಿರು ಒಂದ್ಸಲನೂ ಮಿಣುಕ್ಲಿಲ್ಲ, ಟಿವೀಲೂ ಏನೂ ಬರಲಿಲ್ಲ, ಕೆಂಪು ಮಾತ್ರ ಗಟ್ಟಿಯಾಗಿ ಉರೀತಿದೆ ಅಂದ್ರೆ ಈಪ್ರಾಮ್ ಕೆಟ್ಟಿದೆ ಅಂತ ತಿಳ್ಕೊಂಡು ರಿಕವರಿಗೆ ಹೋಗಿ. ಈ ಒಂದು ಟೆಸ್ಟಿಗೆ ಒಂದು ನಿಮಿಷ ಸಾಕು, ನನ್ನ ಪ್ರಕಾರ ಇಡೀ ರಿಪೇರೀಲಿ ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿಲ್ಲ, ಅಂಗಡಿಯವ್ರು ಮಾಡ್ದೇ ಬಿಟ್ಟಿದ್ದೂ ಇದನ್ನೇ.

ಮಿಣುಕೋದು ಬೇರೆ ಥರ ಇದ್ರೆ ಪೇಪರ್ ಪೆನ್ನು ಹಿಡ್ಕೊಂಡು ಎಣಿಸಿ, ಅಂದಾಜಲ್ಲಿ ಹೇಳ್ಬೇಡಿ. ಉದ್ದ ಮಿಣುಕಿದ್ರೆ ಅಡ್ಡಗೆರೆ, ಚಿಕ್ಕದಾದ್ರೆ ಚುಕ್ಕಿ, ನಡುವೆ ಸುಮ್ನಿದ್ರೆ ಜಾಗ ಬಿಡೋದು, ಹೀಗೆ ಮೂರು ಸುತ್ತು ಬರೆದ್ರೆ ತಪ್ಪಾಗಲ್ಲ. ಉದ್ದ ಇಲ್ದೇ ಚಿಕ್ಕದು ನಾಲ್ಕು ಅಂದ್ರೆ 'ಸ್ಟಾರ್ಟ್4.ಎಲ್ಫ್' ಅನ್ನೋ ಫರ್ಮ್‌ವೇರ್ ಫೈಲ್ ಸಿಕ್ಕಿಲ್ಲ. ಏಳು ಅಂದ್ರೆ ಕರ್ನಲ್, ಅಂದ್ರೆ ಓಎಸ್ಸಿನ ತಿರುಳು, ಸಿಕ್ಕಿಲ್ಲ. ಎಂಟು ಅಂದ್ರೆ ಮೆಮೊರಿ ಫೇಲ್, ಅದು ಹಾರ್ಡ್‌ವೇರ್ ಕಾಯಿಲೆ. ಎರಡು ಉದ್ದ ಒಂದು ಚಿಕ್ಕದು ಅಂದ್ರೆ ಪಾರ್ಟಿಷನ್ ಫ್ಯಾಟ್ (ಕಾರ್ಡಲ್ಲಿ ಫೈಲ್ ಜೋಡಿಸಿಡೋ ಒಂದು ಪದ್ಧತಿ) ಅಲ್ಲ, ಎರಡು ಉದ್ದ ಎರಡು ಚಿಕ್ಕದು ಅಂದ್ರೆ ಪಾರ್ಟಿಷನ್ ಇದೆ ಆದ್ರೆ ಓದೋಕಾಗ್ತಿಲ್ಲ. ಮೂರು ಉದ್ದ ಒಂದು ಚಿಕ್ಕದು ಬಂದ್ರೆ ಈಪ್ರಾಮ್ ಚಿಪ್ಪಲ್ಲೇ ತೊಂದರೆ. ನಾಲ್ಕು ಉದ್ದ ಆಗಿ ಆರೋ ಏಳೋ ಚಿಕ್ಕದು ಬಂದ್ರೆ ಪವರ್ ಸಮಸ್ಯೆ, ಮೇಲಿನ ಮೀಟರ್ ಕೆಲಸ ಮತ್ತೊಂದ್ಸಲ ಮಾಡಿ. ಟಿವೀಲಿ ಕಾಮನಬಿಲ್ಲಿನ ಬಣ್ಣದ ಚೌಕ ಬಂದು ಅಲ್ಲೇ ನಿಂತ್ರೆ ಫರ್ಮ್‌ವೇರ್ ಲೋಡ್ ಆಗಿದೆ, ಅದರ ಮುಂದಿನ ಕರ್ನಲ್ ಹತ್ರ ಎಡವಿದೆ.

ನಂದು ಹಸಿರೇ ಇಲ್ದಿದ್ದ ಕೇಸು. ರಿಕವರಿಗೆ ಬೇರೆ ಒಂದು ಕಾರ್ಡ್ ಬೇಕು, ಹಳೇದನ್ನ ಹಾಗೇ ಎತ್ತಿಡಿ, ಅದರಲ್ಲಿ ನಿಮ್ಮ ಡೇಟಾ ಇದೆ. ರಿಕವರಿ ಕಾರ್ಡ್ ದೊಡ್ಡದು ಬೇಕಾಗಿಲ್ಲ, ಹಳೇ ಫೋನಿಂದು 2 ಜಿಬಿ 4 ಜಿಬಿ ಇದ್ರೂ ಸಾಕು. ಲ್ಯಾಪ್‌ಟಾಪಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಹಾಕ್ಕೊಂಡು, ಓಎಸ್ ಆರಿಸೋ ಜಾಗದಲ್ಲಿ ಕೆಳಗೆ ಹೋದ್ರೆ ಮಿಸ್ಕ್ ಯುಟಿಲಿಟಿ ಇಮೇಜಸ್ ಅಂತ ಸಿಗತ್ತೆ, ಅದರೊಳಗೆ ಬೂಟ್‌ಲೋಡರ್, ಅದರಲ್ಲಿ ನಿಮ್ಮ ಬೋರ್ಡಿನ ಕುಟುಂಬ ಆರಿಸಿ, ಎಸ್‌ಡಿ ಕಾರ್ಡ್ ಬೂಟ್ ಅನ್ನೋದನ್ನ ಒತ್ತಿ, ಕಾರ್ಡಿಗೆ ಬರೀರಿ. ಪೈ 4, ಪೈ 400 ಒಂದೇ ಕುಟುಂಬ, ಪೈ 5ಕ್ಕೆ ಬೇರೆ. ಫೈಲುಗಳನ್ನ ಕೈಯಲ್ಲೇ ಕಾಪಿ ಮಾಡೋರಿಗೆ ಒಂದು ಮಾತು, 64 ಜಿಬಿ ಕಾರ್ಡುಗಳು ಅಂಗಡಿಯಿಂದ ಬರೋವಾಗ ಎಕ್ಸ್‌ಫ್ಯಾಟ್ ಆಗಿರತ್ತೆ, ಬೂಟ್ ರಾಮಿಗೆ ಅದು ಓದೋಕೆ ಬರಲ್ಲ, ಫ್ಯಾಟ್32 ಮಾಡ್ಕೊಳ್ಳಿ. ಇಮೇಜರಲ್ಲೇ ಮಾಡಿದ್ರೆ ಈ ತಲೆನೋವು ಇಲ್ಲ.

ಕಾರ್ಡ್ ಹಾಕಿ, ಟಿವಿ ಮೊದಲೇ ಆನ್ ಇಟ್ಕೊಂಡು, ಪವರ್ ಕೊಡಿ. ನಾನು ಕೊಟ್ಟಾಗ ಮೂರ್ನಾಲ್ಕು ಸೆಕೆಂಡು ಏನೂ ಆಗ್ಲಿಲ್ಲ, ದೊಡ್ಡಪ್ಪ ಹಿಂದೆ ನಿಂತು "ಎಂತದೋ, ಹೋಯ್ತಾ ಅದು?" ಅಂತ ಕೇಳ್ತಿದ್ರು, "ಇರಿ ದೊಡ್ಡಪ್ಪ, ಮುಟ್ಬೇಡಿ" ಅನ್ನೋದ್ರೊಳಗೆ ಆ ಹಸಿರು ಲೈಟು ಪಟಪಟಪಟ ಅಂತ ಒಂದೇ ಸಮ ಹೊಡ್ಕೊಳೋಕೆ ಶುರುವಾಯ್ತು, ಟಿವಿ ಪರದೆ ಪೂರ್ತಿ ಭತ್ತದ ಸಸಿಮಡಿ ಥರ ಹಸಿರಾಯ್ತು. ಅಕ್ಷರ ಇಲ್ಲ, ಗುರುತಿಲ್ಲ, ಬರೀ ಹಸಿರು. ಅದೇ ಗೆದ್ದ ಲಕ್ಷಣ. ಪರದೆ ಕೆಂಪಾದ್ರೆ ಬರೆಯೋದು ಫೇಲ್ ಆಗಿದೆ, ಇನ್ನೊಂದು ಕಾರ್ಡು ಇನ್ನೊಂದು ಅಡಾಪ್ಟರಲ್ಲಿ ಮತ್ತೆ ಮಾಡಿ ನೋಡಿ. ಹಸಿರು ಬಂದ್ಮೇಲೂ ಹತ್ತು ಸೆಕೆಂಡಾದ್ರೂ ಬಿಟ್ಟು ಪವರ್ ತೆಗೀರಿ. ಅದು ತಾನಾಗೇ ಮುಂದಕ್ಕೆ ಬೂಟ್ ಆಗಲ್ಲ, ಹಾಗೇ ಮಿಣುಕ್ತಾ ಇರತ್ತೆ, ಕಾಯ್ತಾ ಕೂರ್ಬೇಡಿ. ಮತ್ತೆ ಈ ಕೆಲಸ ಮಾಡೋವಾಗ ಬೋರ್ಡ್ ಯುಪಿಎಸ್ ಅಥವಾ ಇನ್ವರ್ಟರ್ ಮೇಲೆ ಇರಲಿ.

ಕೆಲವ್ರಿಗೆ ಇಲ್ಲಿಗೇ ಮುಗಿಯತ್ತೆ, ಹಳೇ ಕಾರ್ಡ್ ಹಾಕಿದ್ರೆ ಎದ್ದುಬಿಡತ್ತೆ. ನಂಗೆ ಹಳೇ ಕಾರ್ಡ್ ಹಾಕಿದಾಗ ನಾಲ್ಕು ಚಿಕ್ಕ ಮಿಣುಕು ಬಂತು. ಬೇಜಾರಾಗ್ಲಿಲ್ಲ, ಯಾಕಂದ್ರೆ ಬೆಳಿಗ್ಗೆ ಏನೂ ಮಾತಾಡ್ದೇ ಇದ್ದಿದ್ದು ಈಗ ಏನು ಬೇಕು ಅಂತ ಕೇಳ್ತಿದೆ. ಕಾರ್ಡನ್ನ ಲ್ಯಾಪ್‌ಟಾಪಿಗೆ ಹಾಕಿ ಬೂಟ್ ಪಾರ್ಟಿಷನ್ ತೆಗೆದು ನೋಡಿದ್ರೆ, ಎರಡು ಎಂಬಿಗಿಂತ ಜಾಸ್ತಿ ಇರ್ಬೇಕಾದ ಸ್ಟಾರ್ಟ್4.ಎಲ್ಫ್ ಹೆಸರು ಇದೆ, ಎದುರಿಗೆ ಸೈಜು 0. ಹೆಸರು ಉಳಿದು ಹೊಟ್ಟೆ ಖಾಲಿ ಆಗಿದೆ.

ಇಲ್ಲೊಂದು ದೊಡ್ಡ ಎಚ್ಚರಿಕೆ. ವಿಂಡೋಸ್ ಲ್ಯಾಪ್‌ಟಾಪಿಗೆ ಪೈ ಕಾರ್ಡ್ ಹಾಕಿದ ಕೂಡ್ಲೇ "ಈ ಡಿಸ್ಕ್ ಬಳಸೋಕೆ ಫಾರ್ಮ್ಯಾಟ್ ಮಾಡ್ಬೇಕು" ಅಂತ ಕೇಳತ್ತೆ. ದಯವಿಟ್ಟು ಒತ್ತಬೇಡಿ. ಎರಡನೇ ಪಾರ್ಟಿಷನ್ ಲಿನಕ್ಸಿನ ಇಎಕ್ಸ್‌ಟಿ4, ವಿಂಡೋಸಿಗೆ ಅದು ಓದೋಕೆ ಬರಲ್ಲ, ಅಷ್ಟಕ್ಕೇ ಕೇಳೋದು. ಅಲ್ಲಿ ಹೂಂ ಅಂದ್ರೆ ಚೆನ್ನಾಗಿದ್ದ ಡೇಟಾನೂ ಹೋಯ್ತು. ಹಾಸನದಲ್ಲಿರೋ ನನ್ನ ತಮ್ಮಂಗೆ ಹೀಗೇ ಆಗಿ ಎರಡು ವರ್ಷದ ಮಳೆ ಲೆಕ್ಕ ಹೋಗಿದೆ, ಬೋರ್ಡ್ ಉಳಿಸ್ಕೊಂಡ, ಲೆಕ್ಕ ಉಳಿಲಿಲ್ಲ.

ಆಗೋದಾದ್ರೆ ಲಿನಕ್ಸ್ ಇರೋ ಮಷಿನ್ನಲ್ಲೇ ಮಾಡಿ. ಮೊದಲು ಇಡೀ ಕಾರ್ಡಿನ ಇಮೇಜ್ ತೆಗೆದಿಟ್ಕೊಳ್ಳಿ, ರಿಪೇರಿ ಮಾಡೋಕೆ ಹೋಗಿ ಇನ್ನೂ ಕೆಟ್ರೆ ವಾಪಸ್ ಬರೋಕೆ ದಾರಿ ಇರತ್ತೆ. ಆಮೇಲೆ ಎರಡೂ ಪಾರ್ಟಿಷನ್ ಅನ್‌ಮೌಂಟ್ ಮಾಡಿ ಎಫ್‌ಎಸ್‌ಸಿಕೆ (fsck, ಡಿಸ್ಕಿನ ತಪ್ಪು ಹುಡುಕಿ ಸರಿಮಾಡೋ ಕಮಾಂಡ್) ಓಡ್ಸಿ. ಆಮೇಲೆ ಅದೇ ಓಎಸ್ಸಿನ, ಅದೇ ಆವೃತ್ತಿಯ ಹೊಸ ಇಮೇಜನ್ನ ಬೇರೆ ಕಾರ್ಡಿಗೆ ಬರೆದು, ಅದರಿಂದ ಫರ್ಮ್‌ವೇರ್ ಫೈಲುಗಳನ್ನ ಹಳೇದಕ್ಕೆ ಕಾಪಿ ಮಾಡಿ. ಸ್ಟಾರ್ಟ್4.ಎಲ್ಫ್ ಹಾಕಿದ್ರೆ ಅದರ ಜೋಡಿ ಫಿಕ್ಸಪ್4.ಡ್ಯಾಟ್ ಕೂಡ ಹಾಕ್ಬೇಕು, ಒಂದು ಹೊಸದು ಒಂದು ಹಳೇದು ಅಂದ್ರೆ ಹೊಂದಲ್ಲ. ಕಾನ್ಫಿಗ್.ಟಿಎಕ್ಸ್‌ಟಿ ಮತ್ತೆ ಸಿಎಂಡಿಲೈನ್.ಟಿಎಕ್ಸ್‌ಟಿ ಮಾತ್ರ ಮುಟ್ಬೇಡಿ, ಅವು ನಿಮ್ಮ ಸೆಟ್ಟಿಂಗು, ಸಿಎಂಡಿಲೈನಲ್ಲಿ ನಿಮ್ಮ ಕಾರ್ಡಿನದೇ ಗುರುತಿನ ನಂಬರ್ ಇರತ್ತೆ, ಬೇರೆ ಕಾರ್ಡಿನದ್ದು ಹಾಕಿದ್ರೆ ಅರ್ಧ ಬೂಟ್ ಆಗಿ ಡಿಸ್ಕ್ ಹುಡುಕ್ತಾ ನಿಲ್ಲತ್ತೆ. ಕರ್ನಲ್ಲೂ ಹಾಳಾಗಿ ಬೇರೆ ಕರ್ನಲ್ ಹಾಕಿದ್ರೆ, ಎದ್ಮೇಲೆ ವೈಫೈ ಬರ್ದೇ ಇರಬಹುದು, ಒಳಗಿರೋ ಮಾಡ್ಯೂಲುಗಳು (ವೈಫೈ ಥರದ್ದನ್ನ ನಡೆಸೋ ಡ್ರೈವರುಗಳು) ಹಳೇ ಕರ್ನಲ್ಲಿನವು ಅಲ್ವಾ. ಗಾಬರಿ ಬೇಡ, ಲ್ಯಾನ್ ವಯರ್ ಹಾಕಿ ಕರ್ನಲ್ ಪ್ಯಾಕೇಜ್ ಮತ್ತೆ ಇನ್‌ಸ್ಟಾಲ್ ಮಾಡಿದ್ರೆ ಸರಿಹೋಗತ್ತೆ.

ಅಷ್ಟೂ ಮಾಡಿ ಸಂಜೆ ಆರೂವರೆಗೆ ಪೈ ಎದ್ದಿತು. ರಾತ್ರಿನೇ ತೋಟಕ್ಕೆ ತಗೊಂಡು ಹೋಗಿ ಹಾಕಿ ಬಂದ್ವಿ. ಕಥೆ ಅಲ್ಲಿಗೆ ಮುಗೀಬೇಕಿತ್ತು, ಆದ್ರೆ ಎರಡೇ ದಿನಕ್ಕೆ ಮತ್ತೆ ನಿಂತುಬಿಡ್ತು, ಈ ಸಲ ಅಪ್‌ಡೇಟೂ ಇಲ್ಲ ಎಂತದೂ ಇಲ್ಲ. ಪವರ್ ತೆಗೆದು ಹಾಕಿದ್ರೆ ಏಳತ್ತೆ, ಮಾರನೇ ರಾತ್ರಿ ಮತ್ತೆ ಮಲಗತ್ತೆ. ಎದ್ದಿದ್ದಾಗ ವಿಸಿಜೆನ್‌ಸಿಎಂಡಿ (vcgencmd) ಕಮಾಂಡಲ್ಲಿ ಥ್ರಾಟಲ್ ಆಗಿದೆಯಾ, ಅಂದ್ರೆ ಬೋರ್ಡ್ ತಾನಾಗೇ ಸ್ಪೀಡ್ ಇಳಿಸಿದೆಯಾ ಅಂತ ಕೇಳಿದೆ, ಸೊನ್ನೆ ಬರೋ ಜಾಗದಲ್ಲಿ 50000 ಅಂತ ಬಂತು, ಅಂದ್ರೆ ಆನ್ ಆದ್ಮೇಲೆ ಯಾವಾಗ್ಲೋ ವೋಲ್ಟೇಜ್ ಬಿದ್ದಿದೆ, ಅದಕ್ಕೆ ಸ್ಪೀಡೂ ಇಳಿದಿದೆ ಅಂತ ಅರ್ಥ. 50005 ಬಂದ್ರೆ ಕೇಳಿದ ಆ ಕ್ಷಣದಲ್ಲೂ ಅದೇ ಕಾಯಿಲೆ ಇದೆ.

ಅವತ್ತು ರಾತ್ರಿ ಪಂಪ್‌ಹೌಸಲ್ಲೇ ಕೂತೆ. ಹನ್ನೊಂದು ಗಂಟೆ ದಾಟಿ ಫೇಸ್ ಬಂತು, ರೈಟ್ರು ಸ್ಟಾರ್ಟರ್ ಒತ್ತಿದ್ರು, ಟಕ್ ಅಂತ ಮೋಟ್ರು ಹಿಡೀತು, ತಲೆ ಮೇಲಿನ ಬಲ್ಬು ಒಂದು ಉಸಿರಿನಷ್ಟು ಹೊತ್ತು ಮಂಕಾಯ್ತು, ಅದೇ ಹೊತ್ತಿಗೆ ಪೈ ಮೇಲಿನ ಕೆಂಪು ಲೈಟು ಆರಿ ಹತ್ತಿತು. ಕಣ್ಣು ಮಿಟುಕಿಸಿದ್ರೆ ತಪ್ಪಿಹೋಗ್ತಿತ್ತು. ಮೋಟ್ರು ಸ್ಟಾರ್ಟ್ ಆಗೋವಾಗ ಎಳೆಯೋ ಕರೆಂಟಿಗೆ ಲೈನ್ ವೋಲ್ಟೇಜ್ ಕುಸಿಯತ್ತೆ, ನಮ್ಮ ಹಳೇ ಅಡಾಪ್ಟರಿಗೆ ಅದನ್ನ ತಡ್ಕೊಳೋ ಶಕ್ತಿ ಇರಲಿಲ್ಲ, ಅದೇ ಕ್ಷಣ ಪೈ ಕಾರ್ಡಿಗೆ ಏನಾದ್ರೂ ಬರೀತಿದ್ರೆ ಫೈಲು ಹಾಳು. ಅಪ್‌ಡೇಟ್ ದಿನ ಲೈನ್ ಹೋಗಿದ್ದು ನೆಪ, ಕಾರ್ಡು ಅದಕ್ಕೂ ಮುಂಚಿಂದಾನೇ ದಿನಾ ಏಟು ತಿಂತಾ ಇದ್ದಿರಬೇಕು ಅಂತ ನಂಗೆ ಆಗ ಹೊಳೀತು. ಅಡಾಪ್ಟರ್ ಬದಲಾಯಿಸಿ ಪೈಗೆ ಒಂದು ಚಿಕ್ಕ ಯುಪಿಎಸ್ ಕೊಟ್ವಿ, ಆಮೇಲೆ ಆ ಸಂಖ್ಯೆ ಸೊನ್ನೆಯಿಂದ ಕದಲಿಲ್ಲ. ಅದಕ್ಕೇ ಹೇಳೋದು, ರಿಕವರಿ ಆಯ್ತು ಅಂತ ಡಬ್ಬ ಮುಚ್ಚಬೇಡಿ, ಒಂದು ವಾರ ದಿನಾ ಆ ಥ್ರಾಟಲ್ ಸಂಖ್ಯೆ ನೋಡಿ.

ತೋಟದಲ್ಲಿ, ಗೋಡೌನಲ್ಲಿ, ಕೈಗೆ ಸಿಗದ ಜಾಗದಲ್ಲಿ ಇಟ್ಟ ಬೋರ್ಡುಗಳಿಗೆ ಬೂಟ್‌ಲೋಡರ್ ಅಪ್‌ಡೇಟ್ ತಾನಾಗೇ ಆಗೋದು ಬೇಡ ಅಂತ ನನ್ನ ಅಭಿಪ್ರಾಯ. ಆರ್‌ಪಿಐ-ಈಪ್ರಾಮ್-ಅಪ್‌ಡೇಟ್ ಅನ್ನೋ ಸರ್ವಿಸನ್ನ ಸಿಸ್ಟಮ್‌ಸಿಟಿಎಲ್ (systemctl) ಕಮಾಂಡಲ್ಲಿ ಮಾಸ್ಕ್ ಮಾಡಿ, ಅಂದ್ರೆ ಓಡದ ಹಾಗೆ ತಡೆದುಬಿಡಿ, ಬೇಕಾದಾಗ ಎದುರಿಗೆ ಕೂತು, ಯುಪಿಎಸ್ ಮೇಲೆ ಕೈಯಾರೆ ಮಾಡಿ. ಆರ್‌ಪಿಐ-ಅಪ್‌ಡೇಟ್ ಅಂತ ಇನ್ನೊಂದು ಕಮಾಂಡ್ ಇದೆ, ಹೆಸರು ಒಂದೇ ಥರ ಕೇಳ್ಸತ್ತೆ ಅಂತ ಅದನ್ನ ಓಡಿಸ್ಬೇಡಿ, ಅದು ಇನ್ನೂ ಪರೀಕ್ಷೆಯಲ್ಲಿರೋ ಕರ್ನಲ್ಲು ಫರ್ಮ್‌ವೇರ್ ತಂದು ಹಾಕತ್ತೆ, ದಿನಾ ಕೆಲಸ ಮಾಡೋ ಬೋರ್ಡಿಗೆ ಅಲ್ಲ ಅದು.

ಕಂಪ್ಯೂಟ್ ಮಾಡ್ಯೂಲ್ 4 ಇಟ್ಕೊಂಡಿರೋರಿಗೆ ಮೇಲಿನ ಕಾರ್ಡ್ ದಾರಿ ನಡಿಯಲ್ಲ, ಅದರ ಬೂಟ್ ರಾಮ್ ರಿಕವರಿ.ಬಿನ್‌ಗಾಗಿ ಕಾರ್ಡ್ ನೋಡಲ್ಲ, ಕ್ಯಾರಿಯರ್ ಬೋರ್ಡಲ್ಲಿ (ಮಾಡ್ಯೂಲ್ ಕೂರಿಸೋ ದೊಡ್ಡ ಬೋರ್ಡು) ಬೂಟ್ ತಡೆಯೋ ಜಂಪರ್ ಹಾಕಿ ಯುಎಸ್‌ಬಿ ಕೇಬಲ್ಲಲ್ಲಿ ಲ್ಯಾಪ್‌ಟಾಪಿಂದ ಆರ್‌ಪಿಐಬೂಟ್ ಅನ್ನೋ ಪ್ರೋಗ್ರಾಂ ಓಡಿಸ್ಬೇಕು. ರಾಕ್‌ಚಿಪ್ ಪ್ರಾಸೆಸರಿನ ಬೋರ್ಡುಗಳಿಗೆ ಮಾಸ್ಕ್‌ರಾಮ್ ಮೋಡ್ ಅಂತಿದೆ, ಆಲ್‌ವಿನ್ನರ್ ಚಿಪ್ಪಿನವಕ್ಕೆ ಫೆಲ್ ಮೋಡ್, ಹೆಸರು ಬೇರೆ ಆದ್ರೂ ಸಂಗತಿ ಒಂದೇ, ಅಳಿಸೋಕಾಗದ ರಾಮ್ ಯುಎಸ್‌ಬಿ ಮೂಲಕ ಕಿವಿ ತೆರ್ಕೊಂಡು ಕಾಯ್ತಾ ಇರತ್ತೆ.

ಈಗ ಪಂಪ್‌ಹೌಸ್ ಡಬ್ಬದ ಮುಚ್ಚಳದ ಒಳಗೆ ಹಸಿರು ಪರದೆ ಬಂದ ಆ ರಿಕವರಿ ಕಾರ್ಡನ್ನ ಒಂದು ಚಿಕ್ಕ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಟೇಪ್ ಹೊಡೆದಿಟ್ಟಿದೀನಿ, ಪಕ್ಕದಲ್ಲೇ ಗೆರೆ ಚುಕ್ಕಿ ಲೆಕ್ಕದ ಚೀಟಿ. ಹೋದ ವಾರ ರೈಟ್ರು ಫೋನ್ ಮಾಡಿದವ್ರು "ಹಾಳಾಗಿದೆ ಸಾರ್" ಅನ್ಲಿಲ್ಲ, "ಕೆಂಪು ಗಟ್ಟಿ ಇದೆ ಸಾರ್, ಹಸಿರು ಏಳು ಚಿಕ್ಕದು, ಮೂರ್ಸಲ ಎಣಿಸಿದೀನಿ" ಅಂದ್ರು. ಕರ್ನಲ್ ಫೈಲ್ ಇರೋ ಇನ್ನೊಂದು ಕಾರ್ಡ್ ತಗೊಂಡೇ ಹೊರಟೆ.